ವಿಮಲಕ್ಕನ ಅಂಗಳದ ಮಣ್ಣು

ವಿಶಾಖಪಟ್ಟಣ, ಜೂನ್ 2006

ವಿಮಲಕ್ಕ,

ಈ ಕಾಗದ ವಿಜಯವಾಡಕ್ಕೆ ಬರುವುದಿಲ್ಲ. ಬಂದರೂ ಓದಲು ನೀವಿಲ್ಲ. ಹೋದ ತಿಂಗಳು ನಿಮ್ಮ ಮಗಳು ಅಪೂರ್ವ ಫೋನ್ ಮಾಡಿ ಸುದ್ದಿಯನ್ನು ತೆಲುಗಿನಲ್ಲೇ ಹೇಳಿದಳು. ನಾನೂ ತೆಲುಗಿನಲ್ಲೇ ಸಮಾಧಾನ ಹೇಳಿದೆ.

ಇವತ್ತು ಬೆಳಿಗ್ಗೆ ಟೌನ್‌ಶಿಪ್ಪಿನ ಮಾಲಿ ಅಪ್ಪಲನಾಯುಡು ಬಂದಿದ್ದ. ನಮ್ಮ ತೆಂಗಿನ ಬುಡದಲ್ಲಿ ಬೇರುಗಳು ಗೇಣೆತ್ತರ ಹೊರಬಿದ್ದಿವೆ. "ಕಡಿದುಬಿಡ್ಲಾ ಅಮ್ಮಗಾರು?" ಎಂದು ಕತ್ತಿ ಎತ್ತಿದ.

"ಕಡೀಬೇಡ. ಅವು ಹೊಸ ಬೇರು. ಮಣ್ಣು ಏರಿಸಿದ್ರೆ ತಾವೇ ಇಳೀತವೆ" ಎಂದು ನಿಮ್ಮ ಮಾತನ್ನೇ ತೆಲುಗು ಮಾಡಿ ಹೇಳಿದೆ.

ಏಳು ವರ್ಷದ ಹಿಂದೆ ಇದೇ ಮಾತು ಹೇಳಿ, ಪಕ್ಕದ ಕ್ವಾರ್ಟರ್ಸಿನಿಂದ ಬೇಲಿ ದಾಟಿ ಬಂದು ನೀವು ಒಂದು ಬುಟ್ಟಿ ಮಣ್ಣು ಸುರಿದಿರಿ. ಹಗ್ಗದ ಮೇಲಿದ್ದ ಬಟ್ಟೆಗೆ ಧೂಳು ತಾಗಿತೆಂದು, "ನಿಮ್ಮ ಮಣ್ಣು ನಿಮ್ಮ ಅಂಗಳದಲ್ಲೇ ಇರ್ಲಿ" ಅಂದುಬಿಟ್ಟೆ. ನೀವು ಅಷ್ಟನ್ನೂ ಕೈಯಿಂದ ಬಾಚಿಕೊಂಡು ಹೋದಿರಿ. ಆಮೇಲೆ ಬೇಲಿಯ ಹತ್ತಿರ ನಮ್ಮಿಬ್ಬರ ಕನ್ನಡ ಮಾತು ನಿಂತೇ ಹೋಯಿತು. ಭಾವನವರಿಗೆ ವಿಜಯವಾಡಕ್ಕೆ ವರ್ಗವಾಗಿ ನಿಮ್ಮ ಸಾಮಾನು ಲಾರಿಗೆ ಏರುವಾಗ ನಾನು ಬೇಕೆಂದೇ ಬಚ್ಚಲು ಸೇರಿದ್ದೆ.

ನಮ್ಮ ಕಡೆಯ ನೆಲ ಬರೀ ಕಲ್ಲು. ಸಡಿಲ ಮಣ್ಣಿರುವುದು ಈಗ ಬೀಗ ಬಿದ್ದಿರುವ ನಿಮ್ಮ ಹಳೆಯ ಕ್ವಾರ್ಟರ್ಸಿನಲ್ಲಿ, ನೀವು ಬದನೆ ಹಾಕುತ್ತಿದ್ದ ಪಾತಿಯಲ್ಲಿ ಮಾತ್ರ. ನಾಯುಡು ಬೇಲಿಯ ಬಳಿ ತಡೆದು, "ಯಾರನ್ನಾದ್ರೂ ಕೇಳಬೇಕಾ?" ಎಂದ.

ಬುಟ್ಟಿ ಇಸಿದುಕೊಂಡು ನಾನೇ ದಾಟಿದೆ. ನಾಲ್ಕು ಬುಟ್ಟಿ ತಂದು ಸುರಿದೆ, ವಿಮಲಕ್ಕ. ಹಗ್ಗದ ಮೇಲೆ ಬಟ್ಟೆ ಇತ್ತು. ತೆಗೆಯಲಿಲ್ಲ.