ಬಾಗಿಲಲ್ಲಿ ಹೇಳುವ ಒಡಪು

ಹುಬ್ಬಳ್ಳಿ
೧೬-೧೧-೧೯೮೯

ಅತ್ತೆಯವರಿಗೆ ಶರಣು.

ನಿಮ್ಮ ಮಗನನ್ನೇ ಮದುವೆಯಾದೆ! ನಿನ್ನೆ, ಇಲ್ಲೇ ರಿಜಿಸ್ಟರ್ ಆಫೀಸಿನಲ್ಲಿ! ಇಷ್ಟು ದಿನ ಸೋದರಮಾವನ ಹೆಂಡತಿಯೆಂದು ಅತ್ತೆ ಅನ್ನುತ್ತಿದ್ದೆ, ಈಗ ಗಂಡನ ತಾಯಿಯೂ ನೀವೇ. ಎಷ್ಟು ಥ್ರಿಲ್ಲಿಂಗ್, ಅಲ್ಲವೇ?

ಅಂದು ನಮ್ಮಿಬ್ಬರ ನಿಶ್ಚಯ ಮುರಿದಿರೆಂದು ಸಿಟ್ಟಿಲ್ಲ. ಮೈತುಂಬ ಗುಳ್ಳೆ ಎದ್ದವಳು ಯಾರಿಗೆ ಬೇಕು? ಆದರೆ ತಿಂಗಳಿಗೆ ಮೂರು ದಿನ ಸಲೈನಿನಲ್ಲಿ ಸ್ಟೀರಾಯ್ಡ್ ಏರಿಸಿಕೊಂಡು ನನ್ನ ಮುಖ, ಹೊಟ್ಟೆ ಉಬ್ಬಿ, ಜೊತೆಗಿನ ಔಷಧಕ್ಕೆ ಮುಟ್ಟೂ ನಿಂತಾಗ, ನೀವು ಓಣಿಯ ಹೆಂಗಸರಿಗೆ ಏನೆಂದಿರಿ? "ದವಾಖಾನಿ ಅಂಬೋದು ಬರೇ ನೆವ, ಹುಡುಗಿ ಬಸರಾಗ್ಯಾಳ!"

ಎರಡು ವರ್ಷವಾಯಿತು ಅತ್ತೆ, ಆ ಕೂಸು ಇನ್ನೂ ಹುಟ್ಟಿಲ್ಲ.

ಗುಳ್ಳೆಗಳೆಲ್ಲ ಒಣಗಿವೆ. ಮುಖ ಮಾತ್ರ ಇನ್ನೂ ದುಂಡಗಿದೆ. ಸೆರಗಿನಲ್ಲಿ ಮುಚ್ಚಿಕೊಂಡು ಬರುವುದಿಲ್ಲ.

ಒಂದು ಸಣ್ಣ ಕೆಲಸ. ಬಾಗಿಲಲ್ಲಿ ಆರತಿ ತಾಟು ನೀವೇ ಹಿಡಿಯಬೇಕು, ಅದೇ ಹೆಂಗಸರನ್ನೆಲ್ಲ ಕರೆಯಬೇಕು. ಬಸಲಿಂಗವ್ವನನ್ನು ಮುಂದೆಯೇ ನಿಲ್ಲಿಸಿ, ಆಕೆಗೆ ಕಿವಿ ಮಂದ. ಒಡಪಿನಲ್ಲಿ ಗಂಡನ ಹೆಸರು ಹೇಳದೆ ಹೊಸ ಸೊಸೆಯನ್ನು ಒಳಗೆ ಬಿಡುವುದಿಲ್ಲವಲ್ಲ! ಕಾನ್ವೆಂಟಿನಲ್ಲಿ ಕಲಿತವಳಾದರೂ ನಾನೇ ಒಂದು ಕಟ್ಟಿದ್ದೇನೆ:

"ಔಷಧಕ್ಕ ಉಬ್ಬಿತ್ತು ಬರೇ ನನ್ನ ಮಾರಿ,
ಸಂಗಮೇಶರು ಕಾಯ್ದರು ದವಾಖಾನಿ ದಾರಿ."

"ನಮ್ಮವ್ವ ತಾಟು ಕೆಳಗ ಒಗೀತಾಳ ನೋಡು" ಎಂದು ಇವರು ನಗುತ್ತಿದ್ದಾರೆ. ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಎರಡು ಸಲ ಹೇಳುತ್ತೇನೆ, ಒಮ್ಮೆ ಓಣಿಗೆ, ಒಮ್ಮೆ ನಿಮಗೆ.

ಬರುವ ಸೋಮವಾರ, ಸೊಲ್ಲಾಪುರ ಪ್ಯಾಸೆಂಜರಿಗೆ ಬಾದಾಮಿಯಲ್ಲಿ ಇಳಿಯುತ್ತೇವೆ.

ನಿಮ್ಮ ಸೊಸೆ,
ಪ್ರಮೀಳಾ