ಹಿಮ್ಮಡಿಯ ಗಾಯ

ಮಾರ್ಚ್ 4, ಸಂಜೆ
ಇವತ್ತೂ ಎಡಗಾಲಲ್ಲೇ ಪೆಡಲ್ ತುಳಿದೆ. ಹೊಲಿಗೆ ಕುಡುಕನ ನಡಿಗೆಯ ಹಾಗೆ ಸೊಟ್ಟ. ಗಿರಾಕಿಯ ಪರದೆ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಆಸ್ಪತ್ರೆಯ ನರ್ಸ್ ಸಿಸ್ಟರ್ ಮನೆಗೆ ಬಂದಿದ್ದಳು. ಬಲ ಹಿಮ್ಮಡಿಗೆ ಡ್ರೆಸ್ಸಿಂಗ್ ಮಾಡಿದಳು. ಸುಟ್ಟವಳೂ ಅವಳೇ, ಮುಲಾಮು ಹಚ್ಚುವವಳೂ ಅವಳೇ! ಆಪರೇಷನ್ ಮುಗಿಸಿ ವಾರ್ಡಿಗೆ ತಂದಾಗ ಚಳಿಗೆ ನಡುಗುತ್ತಿದ್ದೆ. ಪಾಪ ಅಂತ ಬಿಸಿನೀರಿನ ಬ್ಯಾಗ್ ಕಾಲಿಗಿಟ್ಟಳು, ಬಟ್ಟೆ ಕೂಡ ಸುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಸೊಂಟದ ಕೆಳಗೆ ನನಗೇನೂ ತಿಳಿಯುತ್ತಿರಲಿಲ್ಲ. ಇಡೀ ವಾರ್ಡಿಗೆ ಅವಳೊಬ್ಬಳೇ. ಬೇರೆ ಬೆಡ್ಡಿನವರು ಕೂಗಿದರು, ಓಡಿದಳು, ಮರೆತಳು.

ಸಿಟ್ಟಿದೆ. ಆದರೂ ಅವಳು ಬರುವ ದಿನ ಮಾತ್ರ ನೆಟ್ಟಗೆ ತಲೆ ಬಾಚಿಕೊಳ್ಳುತ್ತೇನೆ.

ಮಾರ್ಚ್ 9
ಆಸ್ಪತ್ರೆಯ ಮ್ಯಾನೇಜರ್ ಹಣ್ಣಿನ ಬುಟ್ಟಿ ಹಿಡಿದು ಬಂದ. ಮಾತೆಲ್ಲ ಬೆಣ್ಣೆ.

"ಮೇಡಂ, ಬ್ಯಾಗ್ ಇಡು ಅಂತ ನಾವು ಹೇಳಿರ್ಲಿಲ್ಲ. ಆ ನರ್ಸ್ ತಾನಾಗೇ ಮಾಡಿದ್ದು. ವಿಚಾರಣೇಲಿ ಅಷ್ಟು ಹೇಳ್ಬಿಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ."

ಅವನು ಹೋದಮೇಲೆ, ಆಸ್ಪತ್ರೆ ಮೇಲೆ ನಾನು ಹಾಕಿದ ಕೇಸು ನಡೆಸುವ ಲಾಯರಮ್ಮನಿಗೆ ಫೋನ್ ಮಾಡಿದೆ. "ಅವಳನ್ನ ಕೆಲಸಕ್ಕಿಟ್ಕೊಂಡವ್ರು ಅವ್ರೇ ತಾನೇ? ಒಬ್ಬಳ ತಲೆ ಮೇಲೆ ವಾರ್ಡೆಲ್ಲಾ ಹೊರಿಸಿದ್ದೂ ಅವ್ರೇ. ಆಸ್ಪತ್ರೆ ಕೈ ತೊಳ್ಕೊಳ್ಳೋ ಹಾಗಿಲ್ಲ. ನಡೆದದ್ದನ್ನ ನಡೆದ ಹಾಗೇ ಹೇಳಿ."

ಬುಟ್ಟಿ ವಾಪಸ್ ಕಳಿಸಬೇಕಿತ್ತು. ಹಸಿವಾಗಿತ್ತು, ತಿಂದೆ.

ಮಾರ್ಚ್ 11
ಸಿಸ್ಟರ್ ಪಟ್ಟಿ ಬಿಚ್ಚುತ್ತಾ, ತಲೆ ಎತ್ತದೆ ಅಂದಳು, "ಅಕ್ಕಾ, ಬ್ಯಾಗ್ ನೀವೇ ಕೇಳಿದ್ರಿ ಅಂತ ಹೇಳ್ತೀರಾ? ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ."

"ಆಮೇಲೆ ತಪ್ಪು ನಂದೇ ಅಂತಾರಲ್ಲ ಕಣೇ."

"ನಿಮ್ಗೆ ಯಾರೂ ಏನೂ ಮಾಡಲ್ಲ, ಅಕ್ಕಾ."

"ಇಷ್ಟು ದಿನ ಬಂದಿದ್ದು ಇದಕ್ಕೇನಾ?"

ಹೊಸ ಪಟ್ಟಿ ಸುತ್ತಿ ಎದ್ದು ಹೋದಳು. ತುಂಬಾ ನೋವಾಯಿತು. ಅಲ್ಲ ಅಂತ ಒಂದು ಸುಳ್ಳಾದರೂ ಹೇಳಬಾರದಿತ್ತೇ…

ಮಾರ್ಚ್ 20
ವಿಚಾರಣೆ. ಹೇಳಿಬಿಟ್ಟೆ. ನಾನು ಕೇಳಿರಲಿಲ್ಲ. ಅವಳು ಕನಿಕರಪಟ್ಟು ಇಟ್ಟಳು. ವಾರ್ಡಿನಲ್ಲಿ ಇನ್ನೊಬ್ಬ ನರ್ಸ್ ಇದ್ದಿದ್ದರೆ ಬ್ಯಾಗ್ ತೆಗೆಯುತ್ತಿದ್ದರು. ಮ್ಯಾನೇಜರ್ ಇಂಗು ತಿಂದ ಮಂಗನಂತಾದ. ಸಿಸ್ಟರ್ ಬಾಗಿಲ ಬಳಿ ನಿಂತಿದ್ದಳು. ಕೈಬೀಸಿದೆ. ನೋಡಲಿಲ್ಲ.

ಏಪ್ರಿಲ್ 2
ನೆಲದ ಮೇಲೆ ಕನ್ನಡಿ ಇಟ್ಟು ಹಿಮ್ಮಡಿ ನೋಡಿಕೊಂಡೆ. ನಾನು ಸುತ್ತಿದ ಪಟ್ಟಿ ಬಾಗಿಲು ತಲುಪುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಟೈಲರ್ ಅಂತೆ, ನಾಚಿಕೆಯಾಗಬೇಕು. ಈಗ ಮನೆಗೆ ಯಾರೂ ಬರುವುದಿಲ್ಲ. ಸುಳ್ಳು ಹೇಳು ಅನ್ನುವವರೂ ಇಲ್ಲ.

ನವೆಂಬರ್ 17
ಗೆದ್ದೆವಂತೆ. ಲಾಯರಮ್ಮ ಫೋನಿನಲ್ಲೇ ಕುಣಿದಾಡಿದರು. ಹೊಣೆ ಆಸ್ಪತ್ರೆಯದು, ಪರಿಹಾರ ಅವರೇ ಕೊಡಬೇಕು. ನರ್ಸ್ ವಿಷಯ ಕೇಳಿದೆ. "ಅವಳನ್ನ ಮಾರ್ಚಲ್ಲೇ ತೆಗೆದ್ರಂತೆ, ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಗೆದ್ದದ್ದಕ್ಕೆ ಸಂತೋಷ ಆಗಿದೆ, ಇಲ್ಲ ಅನ್ನಲಾರೆ. ಆದರೆ ಯಾರಿಗೆ ಹೇಳುವುದು? ಫೋನಿನಲ್ಲಿ ಹೆಸರುಗಳನ್ನು ನೋಡುತ್ತಾ ಹೋದೆ — ದಾರದಂಗಡಿ, ಗ್ಯಾಸ್, ಗಿರಾಕಿಗಳು. ಕೊನೆಗೆ ಸಿಸ್ಟರ್ ನಂಬರ್ ಒತ್ತಿದೆ.

ಎತ್ತಿದಳು. ಹಿಂದೆ ಯಾವುದೋ ಅಂಗಡಿಯ ಗದ್ದಲ.

"ಹಲೋ, ಯಾರು ಮಾತಾಡ್ತಿರೋದು?"

ನನ್ನ ನಂಬರ್ ಅಳಿಸಿಬಿಟ್ಟಿದ್ದಾಳೆ. "ನಾನು" ಅಂದೆ.

"ನಾನು ಅಂದ್ರೆ ಯಾರು?"

ನಾನು —