ತಿಪ್ಪೇಶ್ ಬಸ್ ಹತ್ತಿದ ದಿನ

ಫೆಬ್ರವರಿ ೯, ಸೋಮವಾರ. ಸಿದ್ದರಬೆಟ್ಟದ ಕೆಳಗಿನ ಛತ್ರ.

ತಿಪ್ಪೇಶ್ ಬಿಟ್ಟುಹೋದ. ಊರೂರಿಗೂ ಗ್ರಂಥಾಲಯ ಬೇಕೆಂದು ಕರಪತ್ರ ಹಂಚುತ್ತ, ಪಾವಗಡದಿಂದ ವಾರಗಟ್ಟಲೆ ಊರಿಂದೂರಿಗೆ ನನ್ನ ಜೊತೆ ಓಡುತ್ತಲೇ ಬಂದವನು ಅವನೊಬ್ಬನೇ.

"ಲೇ, ನಾನು ಜ್ವರದಾಗೆ ಮಲಗಿದ್ನಲ್ಲ, ಹೆಂಗಿದೀಯ ಅಂತ ಒಂದು ಮಾತು ಕೇಳಿದೇನ್ಲಾ? ನಿನ್ನ ಜನಸೇವೆ ನೀನೇ ಮಾಡ್ಕೊ" ಎಂದು ಮಧುಗಿರಿ ಬಸ್ ಹತ್ತಿದ. ನನಗೆ ಏನೂ ಅನ್ನಿಸಲಿಲ್ಲ. ಅದನ್ನೇ ಸಂಯಮ ಎಂದುಕೊಂಡೆ.

ಚೀಲದಲ್ಲಿರುವ ಆರೋಗ್ಯದ ಕಿರುಪುಸ್ತಕ ಬೇರೆಯೇ ಹೇಳುತ್ತದೆ. ವಾರಗಟ್ಟಲೆ ಓಡಿದರೆ ದೇಹ ಒಂದು ಮಿತಿಯಾಚೆ ಶಕ್ತಿ ಸುಡಲಾರದು. ಓಟಕ್ಕೆ ಶಕ್ತಿ ಉಳಿಸಲು ಮೈಯೊಳಗಿನ ಬೇರೆ ಕೆಲಸಗಳನ್ನು ತಗ್ಗಿಸುತ್ತದೆ. ಮೈ ತಣ್ಣಗಾಗುತ್ತದೆ, ಆಸೆ ಆರುತ್ತದೆ, ಮನಸ್ಸು ಮಂಕಾಗುತ್ತದೆ. ಓಟದ ಜೊತೆ ನಾನು ದಿನಕ್ಕೆ ಒಂದೇ ಊಟದ ಒಪ್ಪೊತ್ತು ಬೇರೆ ಹಿಡಿದಿದ್ದೆ. ಅವ್ವನ ಶನಿವಾರದ ಒಪ್ಪೊತ್ತನ್ನು ಮೂಢನಂಬಿಕೆ ಎಂದು ಆಡಿಕೊಂಡವನು, ನನ್ನದನ್ನು ಶಿಸ್ತು ಎಂದು ಕರೆದೆ.

ಸಂಜೆ ಛತ್ರದ ಸರಸಮ್ಮ ಎರಡು ತಟ್ಟೆಗೆ ಮುದ್ದೆ ಇಟ್ಟರು. "ಇನ್ನೊಬ್ರು ಎಲ್ಲೋದ್ರಪ್ಪ?" ಎಂದರು. ಒಪ್ಪೊತ್ತು ಮುರಿದು ಎರಡು ತಟ್ಟೆಯದನ್ನೂ ತಿಂದೆ. ಎಷ್ಟೋ ದಿನಗಳ ಮೇಲೆ ಮೈ ಬೆಚ್ಚಗಾಯಿತು.

ಜ್ವರ ಇಳಿಯಿತೇ ಎಂದು ಈಗ ಕೇಳಬೇಕು ಅನ್ನಿಸುತ್ತಿದೆ. ತಿಪ್ಪೇಶ್ ಫೋನ್ ಎತ್ತುತ್ತಿಲ್ಲ. ಅವನ ಚಾಪೆ ಹಾಸಿದಂತೆಯೇ ಇದೆ. ಮಡಿಸಿಡಲು ಮನಸ್ಸಾಗುತ್ತಿಲ್ಲ.